ತೂಕ ಮುಗಿಯುವ ಮೊದಲು

“ಗುರುಗಳೇ, ಸೋತೆನೆಂದು ಮನುಷ್ಯನಿಗೆ ಖಚಿತವಾಗುವುದು ಯಾವಾಗ?”

ಕೇಳಿದ ಶಿಷ್ಯ ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಹೆಂಡತಿಗೆ ತಾನು ಬೇಡವಾದೆನೆಂದು ಮನೆ ಬಿಟ್ಟು ಬಂದವನು. ಗುರುಗಳು ದೀಪದ ಬತ್ತಿ ಹೊಸೆಯುತ್ತಲೇ ಕತೆ ಹೇಳಿದರು.

ಒಬ್ಬ ಜೂಜುಗಾರನಿದ್ದ. ಕುದುರೆಗಳು ಓಡುವ ಊರೇ ಅವನ ಊರು. ಒಂದು ಕಡೆ ಪಂದ್ಯಗಳ ಕಾಲ ಮುಗಿದರೆ ಕುದುರೆಗಳ ಹಿಂದೆಯೇ ಇನ್ನೊಂದು ಕಡೆಗೆ ಹೋಗುತ್ತಿದ್ದ. ಹೋದಲ್ಲಿ ಬಂದೆಯಾ ಎನ್ನುವವರಿರಲಿಲ್ಲ.

ಅವನದೊಂದು ನಿಯಮವಿತ್ತು. ಓಟ ಮುಗಿದ ಮೇಲೆ ಸವಾರನನ್ನು ಜೀನಿನ ಸಮೇತ ತೂಗುತ್ತಾರೆ. ತೂಕ ಕಡಿಮೆ ಬಂದರೆ ಮೊದಲು ಬಂದ ಕುದುರೆಯ ಗೆಲುವು ಎರಡನೆಯದಕ್ಕೆ ಹೋಗುತ್ತದೆ. ಸೋತವರು ಸಿಟ್ಟಿನಲ್ಲಿ ಪಣದ ಚೀಟಿ ಹರಿದೆಸೆದು ಹೊರಟರೂ, ತೂಕ ಸರಿಯಿದೆಯೆಂದು ಕೂಗುವ ತನಕ ಇವನು ಕದಲುತ್ತಿರಲಿಲ್ಲ. ಒಮ್ಮೆ ಎರಡನೆಯದಾಗಿ ಬಂದ ಕುದುರೆಯ ಮೇಲೆ ಹಾಗೆಯೇ ಗೆದ್ದ. ಅದೇ ಕುದುರೆಯ ಚೀಟಿಯನ್ನು ಹರಿದಿದ್ದ ವರ್ತಕನೊಬ್ಬ ಹುಲ್ಲಿನಲ್ಲಿ ಚೂರು ಹುಡುಕುತ್ತಿದ್ದ.

“ಬೇಗ ಆಯ್ಕೊಳ್ಳಿ ಸಾಹುಕಾರ್ರೇ, ಕುದುರೆ ಮೇಯ್ದುಬಿಟ್ಟಾವು,” ಎಂದು ಜೂಜುಗಾರ ನಕ್ಕು ಹೋದ.

ಒಂದು ಊರಿನಲ್ಲಿ ಮೈದಾನದ ಗೇಟಿನ ಬಳಿ ಒಬ್ಬಳು ಚಹಾ ಮಾರುತ್ತಿದ್ದಳು. ಅವಳದೂ ಒಂಟಿ ಜೀವ. ಅವನ ಲೋಟಕ್ಕೆ ಮಾತ್ರ ಕೇಳದೆಯೇ ಶುಂಠಿ ಜಜ್ಜಿ ಹಾಕುತ್ತಿದ್ದಳು. ವರ್ಷದಲ್ಲಿ ಮೂರು ತಿಂಗಳು, ಅವನಿಗೆ ಮನೆಯೆಂದರೆ ಅಷ್ಟೇ. ಆ ವರ್ಷದ ಕೊನೆಯ ಪಂದ್ಯದ ಸಂಜೆ ಅವನು ಕೇಳಿಯೇಬಿಟ್ಟ.

“ಜೂಜು ಬಿಡ್ತೀನಿ. ನಾವಿಬ್ರೂ ಒಂದು ಕಡೆ ಇರೋಣ. ಏನಂತೀಯ?”

ಅವಳು ತಲೆಯೆತ್ತಲಿಲ್ಲ. ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಅವನು ಅರ್ಧ ಚಹಾ ಬಿಟ್ಟು ಎದ್ದ. ಅಂದೇ ಕುದುರೆಗಳ ಲಾರಿ ಹತ್ತಿ ಊರು ಬಿಟ್ಟ.

ಮರುವರ್ಷ ಬಂದಾಗ ಚಹಾದ ಒಲೆಯ ಮುಂದೆ ಒಬ್ಬ ಮುದುಕಿ ಕೂತಿದ್ದಳು. ಹಿಂದೆ ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದವಳು.

“ಎಂಥಾ ಗಂಡಸಪ್ಪಾ ನೀನು,” ಎಂದಳು. “ಹತ್ತು ಜನ ಗಿರಾಕಿಗಳು ಬಾಯಿ ನೋಡ್ತಾ ನಿಂತಿರುವಾಗ ಹೆಣ್ಣು ಹೂಂ ಅಂತಾಳಾ? ಅವರನ್ನೆಲ್ಲ ಕಳಿಸಿ ಎರಡು ಲೋಟ ಚಹಾ ಇಟ್ಕೊಂಡು ಕೂತಿದ್ಲು. ಆರಿದ್ದನ್ನ ಮತ್ತೆ ಬಿಸಿ ಮಾಡಿದ್ಲು. ದಸರಾ ತನಕ ಕಾದ್ಲು. ಆಮೇಲೆ ಈ ಒಲೆ ನನಗೆ ಕೊಟ್ಟು ಹೋದ್ಲು. ಎಲ್ಲಿಗೆ ಅಂತ ಹೇಳ್ಲಿಲ್ಲ.”

ಅವನು ಜೇಬಿಗೆ ಕೈ ಹಾಕಿದ. ಹೋದ ವರ್ಷದ ಕೊನೆಯ ಓಟದ ಚೀಟಿ ಅಲ್ಲಿತ್ತು. ತೂಕ ಕೂಗುವ ತನಕ ಕಾದು ಸೋತ ಚೀಟಿ. ಮಡಿಸಿಟ್ಟಂತೆಯೇ ಇತ್ತು, ಹರಿದಿರಲಿಲ್ಲ.

ಕತೆ ಮುಗಿಯಿತು.

“ಒಂದು ಗಳಿಗೆ ನಿಂತಿದ್ದರೆ ಆಗುತ್ತಿತ್ತು. ಅವಸರದ ಮನುಷ್ಯ,” ಎಂದ ಶಿಷ್ಯ.

ಗುರುಗಳು ಬತ್ತಿಯನ್ನು ಪಕ್ಕಕ್ಕಿಟ್ಟು ಅವನ ಮುಖ ನೋಡಿದರು.

“ನಿನ್ನ ಹೆಂಡತಿ ಬೇಡವೆಂದಳೋ, ಸುಮ್ಮನಿದ್ದಳೋ?”