ದೊಡ್ಡಮ್ಮನ ಕಡಲೆಬೀಜ

ಕಣ್ಣು ಕಾಣದ ಮುದಿ ಅಳಿಲು ಸತ್ತ ಸುದ್ದಿ ಕೇಳಿ ಅವಳ ತಂಗಿಯ ಮಗಳು ಮೂರು ತೋಪು ದಾಟಿ ಬಂದಳು. ದೊಡ್ಡಮ್ಮನ ಪೊಟರೆಯಲ್ಲಿ ಒಂದು ಕಡಲೆಬೀಜವೂ ಇರಲಿಲ್ಲ. ಕೊನೆಗಾಲದಲ್ಲಿ ನೋಡಿಕೊಳ್ಳುತ್ತೇನೆಂದು ಬಂದು ಸೇರಿದ್ದ ಹೆಗ್ಗಣ ಮಾತ್ರ ಚೆನ್ನಾಗಿ ಕೊಬ್ಬಿತ್ತು.

“ಅವರ ಹತ್ತಿರ ಏನೂ ಉಳಿದಿರಲಿಲ್ಲಮ್ಮ. ನಾನೇ ಕೈಯಿಂದ ಹಾಕಿ ಸಾಕಿದೆ,” ಎಂದು ಹೆಗ್ಗಣ ಕಣ್ಣೊರೆಸಿಕೊಂಡಿತು.

“ಎಂಥಾ ಪುಣ್ಯಾತ್ಮರು!” ಎನ್ನುತ್ತಲೇ ಅವಳು ಹೆಗ್ಗಣದ ಬಿಲಕ್ಕೆ ನುಗ್ಗಿದಳು. ಒದ್ದೆ ನೆಲದ ಮೇಲೆ ಬೀಜಗಳ ರಾಶಿ.

“ಅದು ನಾನು ಹೊಲದಿಂದ ತಂದದ್ದು.”

“ಈ ತೇವದಲ್ಲೂ ಒಂದೂ ಮೊಳೆತಿಲ್ಲವಲ್ಲ? ಕೂಡಿಡುವ ಮೊದಲು ಪ್ರತಿ ಬೀಜದ ಮೊಳಕೆಯೊಡೆಯುವ ತುದಿ ಕಚ್ಚಿ ತೆಗೆಯುವುದು ನಮ್ಮ ಮನೆ ಹೆಂಗಸರ ಪದ್ಧತಿ. ನೋಡಿ, ಎಲ್ಲದರ ಮೇಲೂ ದೊಡ್ಡಮ್ಮನ ಹಲ್ಲಿನ ಗುರುತು.”

ಹೆಗ್ಗಣ ದನಿ ತಗ್ಗಿಸಿತು. “ಅರ್ಧ ನಿನಗೆ. ಸತ್ತವರೇನು ತಿನ್ನಲು ಬರುತ್ತಾರೆಯೇ?”

“ಬದುಕಿರುವವರು ನೋಡಲಿ ಬಿಡಿ,” ಎಂದು ಅವಳು ಬೀಜಗಳನ್ನು ಒಂದೊಂದಾಗಿ ಹೊರಗೆ ತಂದು ನಡುದಾರಿಯಲ್ಲಿ ಸುರಿದಳು.

ಮರುದಿನದಿಂದ ಹೆಗ್ಗಣವನ್ನೇ ಆಸರೆಗೆ ಕರೆಸಿಕೊಳ್ಳಲಿದ್ದ ಪಕ್ಕದ ಮುದಿ ಇಲಿ ಬಂದು, ಒಂದು ಬೀಜವನ್ನು ತಡವಿ ನೋಡಿತು. ಹಿಂದಿರುಗಿ ತನ್ನ ಬಿಲದ ಬಾಯಿಗೆ ಕಲ್ಲೊಂದನ್ನು ಎಳೆದುಕೊಂಡಿತು.