ಹಗ್ಗ ಹಿಡಿದವನು

“ಬುದ್ಧಿ, ಕುಡಿಯದೇ ಇದ್ದ ಹುಡುಗ ಯಾಕೆ ಕುಡಿದ?”

ಮರಿಸ್ವಾಮಿ ಮಠದ ಗುರುಗಳ ಮುಂದೆ ಕೂತುಕೊಳ್ಳುವ ಮೊದಲೇ ಕೇಳಿದ. ಅವನು ವಿಶ್ವವಿದ್ಯಾನಿಲಯದ ಹಾಸ್ಟೆಲ್ಲಿನ ವಾರ್ಡನ್. ಚಿಕ್ಕಂದಿನಲ್ಲಿ ಇದೇ ಮಠದಲ್ಲಿ ಉಂಡು ಓದಿದವನು. ಭಾನುವಾರದಿಂದ ಆಸ್ಪತ್ರೆಯ ಬಾಗಿಲು ಕಾದು ಕಣ್ಣು ಕೆಂಪಾಗಿದ್ದವು. ಗುರುಗಳಿಗೂ ವಯಸ್ಸಾಗಿತ್ತು. ಇಂಥದನ್ನು ಕೇಳಿ ಕೇಳಿ ಅವರಿಗೂ ಸಾಕಾಗಿತ್ತು. “ಹೇಳಪ್ಪಾ” ಎಂದು ಗೋಡೆಗೆ ಒರಗಿದರು.

“ಶನಿವಾರ ಬಂತೆಂದರೆ ಕುಡಿಯುವ ಮೂವರಿದ್ದಾರೆ, ಬುದ್ಧಿ. ಸಂಪತ್, ಮಾದೇಶ, ಯಶವಂತ. ಪಾಸಾದರೂ ಕುಡಿಯಬೇಕು, ಫೇಲಾದರೂ ಕುಡಿಯಬೇಕು. ಯಾರದಾದರೂ ಹುಟ್ಟಿದ ಹಬ್ಬವಾದರಂತೂ ಕೇಳಲೇಬೇಡಿ. ನಾನೇನು ಸುಮ್ಮನೆ ಕೂತಿದ್ದೆನೆ? ಸಂಪತ್‌ನ ತಾಯಿಯನ್ನು ಊರಿಂದ ಕರೆಸಿದೆ. ಮಾದೇಶನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಯಶವಂತನನ್ನು ಮನೆಗೇ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ಊಟ ಹಾಕಿಸಿ ತಿಳಿಹೇಳಿದೆ. ಹೇಳಿ ಹೇಳಿ ನನಗೆ ಬಾಯಿ ನೋವು ಬಂತೇ ಹೊರತು ಅವರು ಬಿಡಲಿಲ್ಲ.

“ಅವರ ಜೊತೆ ಇನ್ನೊಬ್ಬನಿದ್ದ. ಅವನು ಮುಟ್ಟುತ್ತಿರಲಿಲ್ಲ. ಸೋಡಾ ಕುಡಿದುಕೊಂಡು ಕೂತಿರುತ್ತಿದ್ದ. ಮೂವರನ್ನೂ ಒಬ್ಬೊಬ್ಬರನ್ನಾಗಿ ಬೈಕಿನಲ್ಲಿ ಕರೆತರುವುದು, ವಾಂತಿ ಬಳಿಯುವುದು, ಬೆಳಿಗ್ಗೆ ಮಜ್ಜಿಗೆ ಕುಡಿಸಿ ಕ್ಲಾಸಿಗೆ ಎಬ್ಬಿಸುವುದು, ಎಲ್ಲ ಅವನೇ. ಅವನಿದ್ದಾನೆ ಅನ್ನುವ ಧೈರ್ಯಕ್ಕೆ ನಾನು ನಿದ್ದೆ ಮಾಡುತ್ತಿದ್ದೆ. ‘ನೋಡಿಕೋ ತಮ್ಮಾ’ ಅಂದರೆ ಸಾಕಿತ್ತು. ಈ ಶನಿವಾರ ಅವನೂ ಕುಡಿದ. ಕಂಠಪೂರ್ತಿ ಕುಡಿದ. ಸಂಪತ್ ಚರಂಡಿಗೆ ಬಿದ್ದದ್ದು ಬೆಳಗಾಗುವ ತನಕ ಯಾರಿಗೂ ಗೊತ್ತಾಗಲಿಲ್ಲ. ಇನ್ನೂ ಕಣ್ಣು ಬಿಟ್ಟಿಲ್ಲ.”

ಮರಿಸ್ವಾಮಿ ಕೊನೆಗೂ ಚಾಪೆಯ ಮೇಲೆ ಕೂತ.

“ಯಾಕೋ ಕುಡಿದೆ ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ, ನೆಲ ನೋಡುತ್ತಾನೆ. ಆ ಮೂವರ ಮೇಲೆ ನನಗೆ ಸಿಟ್ಟಿಲ್ಲ, ಬುದ್ಧಿ. ಅವರು ಇದ್ದದ್ದೇ ಹಾಗೆ. ಹೊಟ್ಟೆ ಉರಿಯುತ್ತಿರುವುದು ಇವನ ಮೇಲೆ. ನಾಳೆ ಇವನನ್ನು ಹಾಸ್ಟೆಲ್ಲಿನಿಂದ ಹೊರಗೆ ಹಾಕುತ್ತೇನೆ. ಅಲ್ಲಿಗೆ ಓದೂ ನಿಂತಂತೆಯೇ. ನಿಲ್ಲಲಿ.”

ಗುರುಗಳು ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೇನೋ ಎಂದುಕೊಂಡ ಮರಿಸ್ವಾಮಿ. ಅವನಿಗೂ ಅಲ್ಲೇ ಮಲಗಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಗುರುಗಳು ಮೆಲ್ಲಗೆ ಕತೆ ಶುರುಮಾಡಿದರು.

“ಬಾವಿ ತೋಡುವ ನಾಲ್ವರಿದ್ದರು. ಮೂವರು ಇಳಿದು ಅಗೆಯುತ್ತಿದ್ದರು. ಒಬ್ಬ ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದ. ಮಣ್ಣಿನ ಮಂಕರಿ ಎಳೆಯುವವನೂ ಅವನೇ, ಹೊತ್ತು ಮುಳುಗಿದ ಮೇಲೆ ಆ ಮೂವರನ್ನು ಎಳೆಯುವವನೂ ಅವನೇ. ಅಂಗೈ ಸುಲಿದುಹೋಗಿತ್ತು. ಅದನ್ನು ಯಾರು ನೋಡುತ್ತಾರೆ?

“ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಬಾವಿಯಲ್ಲಿ ನೀರು ಬಿದ್ದ ದಿನ, ಕಾಲು ಒದ್ದೆಯಾದವರಿಗೆ ಮರ್ಯಾದೆ. ಜಮೀನಿನ ರೈತ ಅವರ ಕಾಲಿಗೆ ಅರಿಶಿನ ಹಚ್ಚಿ, ಹೊಸ ಟವಲು ಹೊದಿಸಿ, ಎಲೆ ಹಾಕಿ ಮೊದಲು ಬಡಿಸಬೇಕು. ಹಗ್ಗದವನ ಕಾಲು ಒಣಗಿರುತ್ತಿತ್ತಲ್ಲ, ಅವನಿಗೆ ಕೊನೆಯ ಪಂಕ್ತಿ. ಪಾಯಸ ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಜೊತೆಗಾರರು ಗೇಲಿ ಮಾಡುತ್ತಿದ್ದರು. ‘ಇವನಿಗೇನಪ್ಪಾ, ಮೇಲೆ ನಿಂತು ಗಾಳಿ ಕುಡಿಯೋನು. ಇಳಿಯೋಕೆ ಗುಂಡಿಗೆ ಬೇಕು’ ಅನ್ನುತ್ತಿದ್ದರು. ಅವನೂ ನಗುತ್ತಿದ್ದ. ನಗದೆ ಏನು ಮಾಡಿಯಾನು?

“ಹೀಗೇ ಎಷ್ಟೋ ಬಾವಿ ಆದವು. ಒಂದು ಊರಿನಲ್ಲಿ ನೀರು ಬಿತ್ತು. ರೈತ ಅಡುಗೆ ಮಾಡಿಸುತ್ತೇನೆಂದು ಮನೆಗೆ ಓಡಿದ. ಕೆಳಗೆ ಮೂವರೂ ನೀರು ಎರಚಿಕೊಂಡು ಕುಣಿಯತೊಡಗಿದರು. ‘ಇವತ್ತಾದರೂ ಇಳಿಯೋ ಪುಕ್ಕಲಾ!’ ಎಂದು ಕೂಗಿದರು. ಹಗ್ಗದವನು ಸ್ವಲ್ಪ ಹೊತ್ತು ನಿಂತ. ಆಮೇಲೆ ಹಗ್ಗದ ತುದಿಯನ್ನು ಮಣ್ಣಿನ ಗುಡ್ಡೆಯಲ್ಲಿ ನೆಟ್ಟ ಗೂಟಕ್ಕೆ ಕಟ್ಟಿ, ಇಳಿದೇಬಿಟ್ಟ. ನೀರಿಗೆ ಕಾಲಿಟ್ಟ. ತಣ್ಣಗಿತ್ತು. ಮೂವರೂ ಅವನನ್ನು ತಬ್ಬಿಕೊಂಡರು.

“ಹಸಿ ಮಣ್ಣಿನಲ್ಲಿ ನೆಟ್ಟ ಗೂಟ ಎಷ್ಟು ಹೊತ್ತು ತಡೆದೀತು? ಅವನು ಇಳಿದ ಭಾರಕ್ಕೇ ಸಡಿಲವಾಗಿತ್ತು. ಒಬ್ಬ ಹತ್ತಲೆಂದು ಜಗ್ಗಿದ. ಗೂಟ ಕಿತ್ತು, ಹಗ್ಗದ ಸಮೇತ ಅವರ ತಲೆಯ ಮೇಲೆ ಬಿತ್ತು. ನೀರು ಏರುತ್ತಿತ್ತು. ಕೂಗಿದರು. ಮೇಲೆ ಯಾರಿದ್ದರು ಕೇಳಿಸಿಕೊಳ್ಳಲು? ರೈತ ಅರಿಶಿನದ ಬಟ್ಟಲು ಹಿಡಿದು ಬರುವ ಹೊತ್ತಿಗೆ ಮೂವರು ಕಲ್ಲು ಕಚ್ಚಿಕೊಂಡು ಜೀವ ಹಿಡಿದಿದ್ದರು. ಹಗ್ಗದವನೂ ಆ ಮೂವರಲ್ಲಿದ್ದ. ಅಗೆಯುವವನೊಬ್ಬ ಮುಳುಗಿಹೋಗಿದ್ದ.

“ಊರೆಲ್ಲ ಸೇರಿ ಅವರನ್ನು ಮೇಲೆತ್ತಿತು. ಎಲ್ಲರೂ ಛೀ ಥೂ ಅಂದದ್ದು ಹಗ್ಗದವನಿಗೇ. ರೈತ ಅವನ ರಟ್ಟೆ ಹಿಡಿದು ಅಲುಗಿಸಿದ. ‘ಅವರಿಗಂತೂ ಮೈಮೇಲೆ ಎಚ್ಚರವಿರಲಿಲ್ಲ. ನಿನಗೇನಾಗಿತ್ತೋ? ಹಗ್ಗ ಬಿಟ್ಟು ಯಾಕೆ ಇಳಿದೆ?’ ಎಂದ. ಅವನು ತನ್ನ ಪಾದ ನೋಡಿಕೊಂಡ. ‘ಒಂದು ಸಲ ನನ್ನ ಕಾಲೂ ಒದ್ದೆಯಾಗಲಿ ಅನ್ನಿಸಿತು, ಒಡೆಯಾ’ ಎಂದ.”

ಗುರುಗಳು ಕತೆ ನಿಲ್ಲಿಸಿ, ನೀರು ಕುಡಿದು ಲೋಟ ಕೆಳಗಿಟ್ಟರು.

ಕತೆ ಯಾರದೆಂದು ಮರಿಸ್ವಾಮಿಗೆ ತಿಳಿಯಿತು. ಆದರೆ ಆಸ್ಪತ್ರೆಯ ಮಂಚ, ಅದರ ಕಾಲಬದಿಯಲ್ಲಿ ಕೂತಿದ್ದ ಸಂಪತ್‌ನ ತಾಯಿ ಕಣ್ಣಿಗೆ ಕಟ್ಟಿದರು. ಬಿಟ್ಟುಕೊಡಲು ಮನಸ್ಸಾಗಲಿಲ್ಲ.

“ಏನೇ ಹೇಳಿ, ಹಗ್ಗ ಬಿಟ್ಟದ್ದು ತಪ್ಪಲ್ಲವೆ, ಬುದ್ಧಿ?”

“ತಪ್ಪೇ ಕಣಪ್ಪಾ. ಯಾರು ಅಲ್ಲ ಅಂದರು?”

“ಹಾಗಾದರೆ ನಾಳೆ ಅವನನ್ನು ಕಳಿಸಿಬಿಡಲೆ?”

ಗುರುಗಳು ಅವನ ಮುಖ ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು.

“ಸಂಪತ್, ಮಾದೇಶ, ಯಶವಂತ ಅಂದೆ, ಹಗ್ಗ ಹಿಡಿದವನ ಹೆಸರೇನಪ್ಪಾ?”

ಮರಿಸ್ವಾಮಿ ಬಾಯಿ ತೆರೆದ. ‘ತಮ್ಮಾ’ ಎನ್ನುವುದೊಂದೇ ನಾಲಿಗೆಯ ತುದಿಗೆ ಬಂತು.