ಭಾಗಾಕಾರಕ್ಕೆ ಹೆದರಿದ ಕರಡಿ

ಬೋರಜ್ಜನೆಂಬ ಮುದಿ ಕರಡಿಗೆ ಹುಲಿಯ ಭಯವಿರಲಿಲ್ಲ, ಭಾಗಾಕಾರದ ಭಯವಿತ್ತು. ಎಳೆತನದಲ್ಲಿ ಲೆಕ್ಕ ತಪ್ಪಿದಾಗಲೆಲ್ಲ ಗೂಬೆ ಮೇಷ್ಟ್ರು ನೆತ್ತಿಗೆ ಕುಕ್ಕಿದ್ದನ್ನು ಅವನು ಇನ್ನೂ ಮರೆತಿರಲಿಲ್ಲ. ಆ ಭಯ ಮೊಮ್ಮಗಳು ಕೆಂಚಿಗೂ ಅಂಟಿತ್ತು. ಮುಂಗುಸಿ ಮೇಷ್ಟ್ರ ಹೊಸ ಶಾಲೆಗೆ ಬಂದ ದಿನ ಅವಳು ಅಜ್ಜನ ಕಾಲು ಬಿಡಲೇ ಇಲ್ಲ.

"ನೀನು ಕೂತರೆ ನಾನೂ ಕೂರ್ತೀನಿ ಅಜ್ಜಾ. ನೀನು ಹೋದರೆ ನಾನೂ ಹೊರಟೆ."

ಅಜ್ಜ ವಿಧಿಯಿಲ್ಲದೆ ಕೂತ.

ಮುಂಗುಸಿ ಮೇಷ್ಟ್ರು ನೆಲದಲ್ಲಿ ಐದು ಗುಳಿ ತೋಡಿ, ಪಕ್ಕದಲ್ಲಿ ಹುಣಸೆಬೀಜ ಸುರಿದರು. "ಗುಳಿಗಳಿಗೆ ಸಮನಾಗಿ ಹಂಚಿದರೆ ಎಷ್ಟು ಬೀಜ ಮಿಗುತ್ತವೆ? ಹಂಚುವ ಮೊದಲೇ ಹೇಳಿದವರು ಗೆದ್ದಂತೆ. ಅಜ್ಜಾ, ನೀವೂ ಆಡಿ."

ಮೊದಲ ಸಲ ಅಜ್ಜ ಸೋತ. ಗಾಬರಿಯಿಂದ ನೆತ್ತಿ ಮುಚ್ಚಿಕೊಂಡ. ಯಾರೂ ಕುಕ್ಕಲಿಲ್ಲ. ಮೇಷ್ಟ್ರು ನಗುತ್ತಾ ಮತ್ತೆ ಹದಿನೇಳು ಬೀಜ ಸುರಿದರು. ಅಜ್ಜ ತನ್ನ ಪಂಜದ ಐದು ಉಗುರುಗಳನ್ನು ನೋಡಿಕೊಂಡ.

"ಒಂದು ಪಂಜ, ಎರಡು ಪಂಜ, ಮೂರು ಪಂಜ... ಎರಡು ಮಿಗುತ್ತವೆ!" ಎಂದು ಕೂಗಿದ.

ಹಂಚಿ ನೋಡಿದರೆ ಎರಡೇ ಮಿಕ್ಕವು. ಕೆಂಚಿ ಕುಣಿದಾಡಿದಳು. ಮುಂದಿನ ಆಟದಲ್ಲಿ ಅವಳೂ ಗೆದ್ದಳು.

"ಇಬ್ಬರೂ ಭಾಗಾಕಾರ ಚೆನ್ನಾಗಿ ಮಾಡುತ್ತೀರಿ" ಎಂದರು ಮೇಷ್ಟ್ರು.

ಅಜ್ಜ ಬೆಚ್ಚಿಬಿದ್ದ. "ಎಲ್ಲಿಯ ಭಾಗಾಕಾರ? ನಾವು ಆಡಿದೆವು, ಅಷ್ಟೆ."

"ನೀವು ಆಡಿದ್ದೇ ಅದು."

ಅಜ್ಜ ಗುಳಿಗಳನ್ನೊಮ್ಮೆ, ಮೊಮ್ಮಗಳನ್ನೊಮ್ಮೆ ನೋಡಿದ. ಆಮೇಲೆ ಕಾಡಿಗೆಲ್ಲ ಕೇಳುವಂತೆ ನಕ್ಕು, ಚಕ್ಕಳಮಕ್ಕಳ ಹಾಕಿ ಭದ್ರವಾಗಿ ಕೂತ.

"ಗುಣಾಕಾರ ಅಂತ ಇನ್ನೊಬ್ಬನಿದ್ದನಲ್ಲ ಮೇಷ್ಟ್ರೇ, ಅವನನ್ನೂ ಕರೆಯಿರಿ. ಇವತ್ತೇ ಒಂದು ಕೈ ನೋಡಿಬಿಡೋಣ!"